ಆಷಾಢದಿಂದ ಲಿನಕ್ಸ್ ಲ್ಯಾಪ್‌ಟಾಪ್ ತೆವಳುತ್ತಿದೆ, ರ‍್ಯಾಮ್ ಸಾಲುತ್ತಿಲ್ಲವೇ?

ತೋಟದ ರೈಟರ್, ಹಾನುಬಾಳು
ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ಬಟವಾಡೆ ಲೆಕ್ಕವೆಲ್ಲ ಸಾಹುಕಾರರ ಮಗ ಬಳಸಿ ಬಿಟ್ಟ 2012ರ ಲ್ಯಾಪ್‌ಟಾಪಿನಲ್ಲಿದೆ. 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್, ಲಿನಕ್ಸ್ ಮಿಂಟ್. ಹೋದ ವರ್ಷದವರೆಗೆ ದೂರಿರಲಿಲ್ಲ. ಈಗ ಚೆಕ್‌ರೋಲ್ ತೆರೆದಿಟ್ಟು ಫೈರ್‌ಫಾಕ್ಸ್‌ನಲ್ಲಿ ಕಾಫಿ ದರ ನೋಡಹೊರಟರೆ ಮೌಸ್ ಬಾಣ ನಿಂತಲ್ಲೇ ಕಲ್ಲಾಗುತ್ತದೆ. ಡಿಸ್ಕಿನ ದೀಪ ಆರುವುದೇ ಇಲ್ಲ. ಕಳೆದ ಶನಿವಾರ ಕೆಲಸದವರು ಕೊಡೆ ಮಡಚಿ ಜಗಲಿಯಲ್ಲಿ ನಿಂತಿದ್ದರು, ನಾನು ಬೆವರುತ್ತ ಕಾಗದದ ಮೇಲೆ ಕೂಡಿ ಬಟವಾಡೆ ಮುಗಿಸಿದೆ.

ಮೆಮೊರಿ ಲೆಕ್ಕ ತೋರಿಸುವ ‘ಫ್ರೀ’ ಆದೇಶ ಕೊಟ್ಟರೆ ಖಾಲಿ ಇರುವುದು 140 ಎಂಬಿ ಎನ್ನುತ್ತದೆ. ಯಾರೋ ಹೇಳಿದರೆಂದು ಸ್ವಾಪಿನೆಸ್ (ಮೆಮೊರಿಯಲ್ಲಿರುವುದನ್ನು ಡಿಸ್ಕಿನ ‘ಸ್ವಾಪ್’ ಜಾಗಕ್ಕೆ ಎಷ್ಟು ಬೇಗ ಸರಿಸಬೇಕೆಂಬ ಅಂಕಿ) ಅನ್ನು 60ರಿಂದ 10ಕ್ಕೆ ಇಳಿಸಿದೆ, ಗುಲಗಂಜಿಯಷ್ಟೂ ಗುಣವಿಲ್ಲ. ಪೇಟೆಯ ಅಂಗಡಿಯವರು ಮುಚ್ಚಳ ಕೂಡ ಬಿಚ್ಚದೆ ‘ಹೊಸದು ಕೊಳ್ಳಿ’ ಎಂದರು.

ಹಾಸನದವ
‘ಫ್ರೀ’ ಕಾಲಂ ನೋಡಿ ಹೆದರಬೇಡಿ. ಸುಮ್ಮನೆ ಬಿದ್ದಿರುವ ರ‍್ಯಾಮನ್ನು ಲಿನಕ್ಸ್ ಫೈಲುಗಳ ಕ್ಯಾಶೆಗೆ (ತಾತ್ಕಾಲಿಕ ದಾಸ್ತಾನಿಗೆ) ಬಳಸಿಕೊಳ್ಳುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ‘ಅವೈಲಬಲ್’ ಕಾಲಂ. ‘ವಿಎಂಸ್ಟ್ಯಾಟ್ 1’ ಓಡಿಸಿ ಎಸ್‌ಐ (ಸ್ವಾಪಿನಿಂದ ಒಳಕ್ಕೆ), ಎಸ್‌ಒ (ಸ್ವಾಪಿಗೆ ಹೊರಕ್ಕೆ) ಕಾಲಂ ಗಮನಿಸಿ. ಅಲ್ಲಿ ದೊಡ್ಡ ಅಂಕಿಗಳು ನಿಲ್ಲದೆ ಬರುತ್ತಿದ್ದರೆ, ರ‍್ಯಾಮಿನಲ್ಲಿ ಹಿಡಿಸದ್ದನ್ನು ಡಿಸ್ಕಿಗೆ ಹೊತ್ತು ಹಾಕುವುದು, ಮತ್ತೆ ಹೊತ್ತು ತರುವುದು ನಡೆದಿದೆ ಎಂದರ್ಥ.

ತೋಟದ ರೈಟರ್
ಟೋಟಲ್ 3.7 ಜಿಬಿ, ಅವೈಲಬಲ್ 290 ಎಂಬಿ, ಸ್ವಾಪ್ ಬಳಕೆ 2.1 ಜಿಬಿ. ಎಸ್‌ಐ, ಎಸ್‌ಒ ಎರಡೂ ಸಾವಿರದ ಮೇಲೆಯೇ ಕುಣಿಯುತ್ತಿವೆ.

ರಿಪೇರಿಯವ, ಚಿಕ್ಕಮಗಳೂರು
ರೈಟರೇ, 8 ಜಿಬಿ ಎಂದವರೂ ನೀವೇ, ಟೋಟಲ್ 3.7 ಎಂದವರೂ ನೀವೇ. ಉಳಿದದ್ದೆಲ್ಲಿ? ಗ್ರಾಫಿಕ್ಸ್ ಒಂದಿಷ್ಟು ಹಿಡಿದುಕೊಳ್ಳುತ್ತದೆ, ಅರ್ಧಕ್ಕರ್ಧ ಅಲ್ಲ. ಯಂತ್ರದ ಭಾಗಗಳ ವಿವರ ಕೊಡುವ ‘ಡಿಎಂಐಡಿಕೋಡ್’ ಆದೇಶದಲ್ಲಿ ಮೆಮೊರಿ ವಿವರ ತೆಗೆದು ನೋಡಿ, ಮೆಮೊರಿ ಕೂರಿಸುವ ಒಂದು ಸ್ಲಾಟ್ ಖಾಲಿ ಎಂದು ಬರಬಹುದು. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪದ ಕಡೆಯಿಂದ ತೇವ ಕೂತು ಸಂಪರ್ಕ ಕೆಟ್ಟ ಇಂಥವು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆಯಿರಿ. ಬರಿಯ ಲೋಹವೊಂದನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಅಕ್ಕಪಕ್ಕದ ಕ್ಲಿಪ್ ಅಗಲಿಸಿದರೆ ರ‍್ಯಾಮ್ ತಾನೇ ಓರೆಯಾಗಿ ಎದ್ದು ನಿಲ್ಲುತ್ತದೆ. ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಪೂರ್ತಿ ಕೊಡವಿ, ಓರೆಯಾಗಿಯೇ ತೂರಿಸಿ ‘ಟಕ್’ ಎನ್ನುವವರೆಗೆ ಒತ್ತಿ. ಆಗಲೂ ಕಾಣದಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟಿರುವುದು ರ‍್ಯಾಮೋ ಸ್ಲಾಟೋ ತಿಳಿಯುತ್ತದೆ. ಕೊಳ್ಳುವುದೇ ಆದರೆ ಹಳೆಯದರ ಚೀಟಿ ಓದಿ ಅದೇ ಬಗೆಯದನ್ನು ತನ್ನಿ: ಡಿಡಿಆರ್3 ಆದರೆ 1.5 ವೋಲ್ಟ್, ಡಿಡಿಆರ್3ಎಲ್ ಆದರೆ 1.35.

ತೋಟದ ರೈಟರ್
ಭಾನುವಾರ ಕರೆಂಟೂ ಇರಲಿಲ್ಲ, ಕಿಟಕಿಯ ಬೆಳಕಿನಲ್ಲೇ ಬಿಚ್ಚಿದೆ. ಒಂದರ ಹಲ್ಲುಗಳ ಮೇಲೆ ಕೊಡೆಯ ಬಟ್ಟೆಗೆ ಹಿಡಿಯುವಂಥದೇ ಬೂದು ಬೂಷ್ಟು. ಮಗಳ ರಬ್ಬರ್ ಕರ‍್ರಗಾಯಿತು, ಅದಕ್ಕೊಂದು ಜಗಳವೂ ಆಯಿತು. ಈಗ ಟೋಟಲ್ 7.6. ಚೆಕ್‌ರೋಲ್, ಫೈರ್‌ಫಾಕ್ಸ್ ಎರಡೂ ತೆರೆದಿದ್ದರೂ ಎಸ್‌ಐ, ಎಸ್‌ಒ ಸೊನ್ನೆ. ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ಸುತ್ತು ಓಡಿಸಿದೆ, ತಪ್ಪು ಸಿಗಲಿಲ್ಲ. ಲ್ಯಾಪ್‌ಟಾಪ್ ಇನ್ನು ಒಲೆಯ ಗೋಡೆಯಾಚೆಯ ಕಪಾಟಿನಲ್ಲಿ, ಹಪ್ಪಳದ ಡಬ್ಬಿಯ ಪಕ್ಕ. ಸ್ವಾಪಿನೆಸ್ 10ರಲ್ಲೇ ಇದೆ, ಪರವಾಗಿಲ್ಲವೇ?

ಹಾಸನದವ
ಇರಲಿ ಬಿಡಿ. ಸ್ವಾಪ್ ಮುಟ್ಟುವ ಪ್ರಮೇಯವೇ ಇಲ್ಲದ ಮೇಲೆ 10 ಆದರೇನು, 60 ಆದರೇನು.