ಗಂಡಿನ ಬಗ್ಗೆ ಇಟ್ಟ ಷರತ್ತುಗಳಿಗೆ ಎಷ್ಟು ಜನ ಸಿಗಬಹುದು? ಜನಗಣತಿಯಿಂದ ಲೆಕ್ಕ ಹಾಕುವುದು ಹೇಗೆ?

ತುಂಗಾತೀರ ಕೇಳಿದ್ದು:
ಹುಡುಗಿಗೆ 29, ಬೆಂಗಳೂರಿನಲ್ಲಿ ಕೆಲಸ. ಷರತ್ತುಗಳು: ವಯಸ್ಸು 30–34, ಮೊದಲ ಮದುವೆ, ಎತ್ತರ 5 ಅಡಿ 10 ಇಂಚಿಗೆ ಕಮ್ಮಿ ಇರಬಾರದು, ಡಿಗ್ರಿ, ವರ್ಷಕ್ಕೆ 20 ಲಕ್ಷದ ಮೇಲೆ ಸಂಬಳ, ಬೆಂಗಳೂರಿನಲ್ಲೇ ವಾಸ. ಒಂದೊಂದರ ಶೇಕಡಾವಾರು ಹಿಡಿದು ಗುಣಿಸುತ್ತಾ ಹೋದರೆ ಕೊನೆಗೆ ಬೆರಳೆಣಿಕೆಯಷ್ಟು ಜನ ಉಳಿಯುತ್ತಾರೆ. ಈ ಗುಣಾಕಾರ ಸರಿಯೇ? ಅಂಕಿಅಂಶ ಎಲ್ಲಿಂದ ತೆಗೆದುಕೊಳ್ಳಬೇಕು?

ಗಣತಿಕೋಷ್ಟಕ:
ವಯಸ್ಸು ಮತ್ತು ವೈವಾಹಿಕ ಸ್ಥಿತಿಗೆ 2011ರ ಜನಗಣತಿಯ ಸಿ-2 ಕೋಷ್ಟಕ, ಓದಿಗೆ ಸಿ-8. ಬೆಂಗಳೂರು ನಗರ ಜಿಲ್ಲೆಯ ಒಟ್ಟು 96.2 ಲಕ್ಷ ಜನರಲ್ಲಿ ಗಂಡಸರು 50.2 ಲಕ್ಷ. ಒಂದೊಂದೇ ವರ್ಷದ ವಯಸ್ಸಿನ ಕೋಷ್ಟಕ (ಸಿ-13) ಬೇಡ. ವಯಸ್ಸನ್ನು 30, 35 ಎಂದು ದುಂಡಾಗಿ ಹೇಳುವವರು ಹೆಚ್ಚು, ಹಾಗಾಗಿ ಆ ವಯಸ್ಸುಗಳಲ್ಲಿ ಸಂಖ್ಯೆ ಸುಳ್ಳೇ ಉಬ್ಬಿರುತ್ತದೆ. ಐದೈದು ವರ್ಷದ ಗುಂಪನ್ನೇ ಹಿಡಿಯಿರಿ. 2011ರಿಂದ ಈಚೆಗೆ ಮದುವೆಯ ವಯಸ್ಸು ಏರಿದೆ, ಆದ್ದರಿಂದ ಅವಿವಾಹಿತರ ಪಾಲು ಈ ಕೋಷ್ಟಕದಲ್ಲಿ ಇರುವುದಕ್ಕಿಂತ ಇಂದು ಹೆಚ್ಚು.

ಗುಣಾಕಾರದಲ್ಲಿ ತಪ್ಪಾಗುವುದು ಓದು ಮತ್ತು ಸಂಬಳದ ಹತ್ತಿರ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: ಡಿಗ್ರಿ ಇರುವವರು ಶೇ 40, 20 ಲಕ್ಷ ದಾಟಿದವರು ಶೇ 4. ನೇರ ಗುಣಿಸಿದರೆ ಶೇ 1.6. ಆದರೆ ಅಷ್ಟು ಸಂಬಳದವರೆಲ್ಲ ಡಿಗ್ರಿಯವರೇ ಆಗಿದ್ದರೆ ನಿಜವಾದ ಉತ್ತರ ಶೇ 4. ಎರಡೂವರೆ ಪಟ್ಟು ವ್ಯತ್ಯಾಸ! ಪ್ರತಿ ಹೆಜ್ಜೆಯಲ್ಲೂ "ಇಲ್ಲಿಯವರೆಗೆ ಉಳಿದವರಲ್ಲಿ ಎಷ್ಟು ಪಾಲು" ಎಂದೇ ಕೇಳಬೇಕು. ಇಲ್ಲಿ ಡಿಗ್ರಿಯವರಲ್ಲಿ ಶೇ 10.

ಅಳತೆಪಟ್ಟಿ:
ನಿಮ್ಮ ಪಟ್ಟಿಯಲ್ಲಿ ಅತಿ ದುಬಾರಿ ಷರತ್ತು ಸಂಬಳವಲ್ಲ, ಎತ್ತರ. ಭಾರತದ ವಯಸ್ಕ ಗಂಡಸರ ಸರಾಸರಿ ಸುಮಾರು 166 ಸೆಂ.ಮೀ. ಪ್ರಮಾಣ ವಿಚಲನೆ (ಎತ್ತರಗಳು ಸರಾಸರಿಯ ಆಚೀಚೆ ಎಷ್ಟು ಹರಡಿವೆ ಎಂಬ ಅಳತೆ) 6.5 ಸೆಂ.ಮೀ. ಎಂದು ಹಿಡಿದು ಎಕ್ಸೆಲ್‌ನಲ್ಲಿ 1-NORM.DIST ಸೂತ್ರ ಹಾಕುವ ಬದಲು ಈ ಅಂಕಿಗಳನ್ನೇ ಬಳಸಬಹುದು:

5 ಅಡಿ 6 ಇಂಚಿಗಿಂತ ಎತ್ತರ – ಶೇ 40
5 ಅಡಿ 8 – ಶೇ 15
5 ಅಡಿ 10 – ಶೇ 3.5
6 ಅಡಿ – ಶೇ 0.5

ಗಣತಿಕೋಷ್ಟಕ ಅವರ ಅಂಕಿಗಳನ್ನೇ ಮುಂದುವರಿಸುತ್ತೇನೆ. 30–34ರ 1 ಲಕ್ಷ ಗಂಡಸರಲ್ಲಿ ಅವಿವಾಹಿತರು ಶೇ 20 ಎಂದುಕೊಂಡರೆ 20,000. ಡಿಗ್ರಿ: 8,000. ಸಂಬಳ: 800. ಎತ್ತರ 5 ಅಡಿ 10: 28 ಜನ. ಎರಡೇ ಇಂಚು ಇಳಿಸಿ, 120 ಆಗುತ್ತಾರೆ. ಇನ್ನೆರಡು ಇಳಿಸಿದರೆ 320.

ಒಂದು ಎಚ್ಚರಿಕೆ. ಓದಿದ ಪಟ್ಟಣದವರ ಸರಾಸರಿ 168 ಇದ್ದರೆ 5 ಅಡಿ 10ರ ಪಾಲು ಶೇ 6.6, ಹೆಚ್ಚುಕಡಿಮೆ ಇಮ್ಮಡಿ. ಸರಾಸರಿ ಎರಡು ಸೆಂ.ಮೀ. ಸರಿದರೂ ತುದಿಯ ಲೆಕ್ಕ ಪೂರ್ತಿ ಬದಲಾಗುತ್ತದೆ. ಹಾಗಾಗಿ "28" ಎಂದು ಹೇಳಬೇಡಿ, "25ರಿಂದ 55" ಎನ್ನಿ. ಪ್ರೊಫೈಲ್‌ನಲ್ಲಿ ಬರೆದ ಎತ್ತರವನ್ನು ಈ ಲೆಕ್ಕಕ್ಕೆ ತರಲೇಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಳೆದು ದಾಖಲಿಸಿದ ಎತ್ತರ ಸಿಗುತ್ತದೆ.

ಹೊಸಗದ್ದೆ:
ಇದೇ ಲೆಕ್ಕವನ್ನು ಗಂಡಿನ ಕಡೆಯಿಂದಲೂ ಮಾಡಬೇಕು, ಅಲ್ಲಿ ಅನೇಕರು ಎಡವುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರು. ಅದನ್ನು ನೋಡಿ ಹೆಣ್ಣಿನ ಕೊರತೆಯೇ ಇಲ್ಲ ಎನ್ನಬಾರದು, ಏಕೆಂದರೆ ಆ ಅಂಕಿಯಲ್ಲಿ ಅಜ್ಜಿಯರೂ ಸೇರಿದ್ದಾರೆ, ಊರು ಬಿಟ್ಟು ದುಡಿಯಲು ಹೋದ ಗಂಡಸರು ಸೇರಿಲ್ಲ. ನೋಡಬೇಕಾದ್ದು ಮದುವೆ ವಯಸ್ಸಿನವರನ್ನು. 2001ರಲ್ಲಿ 0–6 ವಯಸ್ಸಿನಲ್ಲಿದ್ದ ಕರ್ನಾಟಕದ ಮಕ್ಕಳಲ್ಲಿ ಸಾವಿರ ಹುಡುಗರಿಗೆ 946 ಹುಡುಗಿಯರು. ಅವರಿಗೆ 2025ರಲ್ಲಿ 24–30.

ಇದರ ಮೇಲೆ ವಯಸ್ಸಿನ ಅಂತರ. ಜನನ ವರ್ಷಕ್ಕೆ ಶೇ 1ರಷ್ಟು ಕುಗ್ಗುತ್ತಿದ್ದರೆ, ಐದು ವರ್ಷ ಚಿಕ್ಕವಳೇ ಬೇಕೆನ್ನುವ ಸಾವಿರ ಹುಡುಗರ ಪಾಲಿಗೆ ಇರುವುದು ಸುಮಾರು 900 ಹುಡುಗಿಯರು. ಅಂತರವನ್ನು ಒಂದೆರಡು ವರ್ಷಕ್ಕೆ ಇಳಿಸಿದರೆ ಈ ಎರಡನೆಯ ಕೊರತೆ ಬಹುಪಾಲು ಹೋಗುತ್ತದೆ. 2023ರಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರ ಕಷ್ಟ ನಿಜವಾದದ್ದು. ಆದರೆ ಅದರಲ್ಲಿ ತಲೆಎಣಿಕೆಯ ಪಾಲೆಷ್ಟು, ಬೇಸಾಯದವರಿಗೆ ಹೆಣ್ಣು ಕೊಡಲು ಹಿಂಜರಿಯುವುದರ ಪಾಲೆಷ್ಟು ಎಂದು ಬೇರೆಬೇರೆಯಾಗಿ ಅಳೆಯಬೇಕು.

ಜಾತಿಯ ಒಳಪಂಗಡವೂ ಷರತ್ತಾಗಿದ್ದರೆ ಅದಕ್ಕೆ ಗಣತಿಯಲ್ಲಿ ಉತ್ತರವಿಲ್ಲ. ಎಲ್ಲ ಜಾತಿಗಳ ಅಂಕಿ ಪ್ರಕಟವಾದ ಕೊನೆಯ ಜನಗಣತಿ 1931ರದು.

ಗಣತಿಕೋಷ್ಟಕ:
ಒಳಪಂಗಡಕ್ಕೆ ಒಂದು ದಾರಿ: ಮ್ಯಾಟ್ರಿಮೊನಿ ಸೈಟಿನಲ್ಲಿ ಮೊದಲು ಊರು, ವಯಸ್ಸು ಮಾತ್ರ ಹಾಕಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಒಂದೊಂದೇ ಷರತ್ತು ಸೇರಿಸಿ, ಪ್ರತಿ ಸಲವೂ ಬರೆಯಿರಿ. ಕಳೆದ ಒಂದು ತಿಂಗಳಲ್ಲಿ ಲಾಗಿನ್ ಆದವರನ್ನು ಮಾತ್ರ ಎಣಿಸಿ, ಮದುವೆಯಾದ ಮೇಲೂ ಪ್ರೊಫೈಲ್ ತೆಗೆಯದವರು ಬಹಳ. ಪೂರ್ತಿ ಪಟ್ಟಿ ಹಾಕಿದ ಮೇಲೆ ಒಂದು ಷರತ್ತು ಮಾತ್ರ ತೆಗೆದು ನೋಡಿ, ಅದನ್ನು ವಾಪಸ್ ಹಾಕಿ ಇನ್ನೊಂದನ್ನು ತೆಗೆಯಿರಿ. ಯಾವುದನ್ನು ತೆಗೆದಾಗ ಸಂಖ್ಯೆ ಹೆಚ್ಚು ಏರಿತೋ ಅದರ ಬಗ್ಗೆ ಹುಡುಗಿಯನ್ನೇ ಕೇಳಿ: ಇದು ನಿನಗೆ ನಿಜವಾಗಿ ಬೇಕೇ? ಬೇಕು ಎಂದರೆ ಅದನ್ನು ಉಳಿಸಿಕೊಂಡು ಊರಿನ ಷರತ್ತನ್ನು ಮೈಸೂರು, ಹುಬ್ಬಳ್ಳಿ, ಪುಣೆಯವರೆಗೆ ಹಿಗ್ಗಿಸಿ ಮತ್ತೆ ಎಣಿಸಿ.