ಅಪ್‌ಡೇಟ್: 0.39 ಗಿಗಾಹರ್ಟ್ಸ್‌ಗೆ ನಿಂತಿದ್ದ ಲ್ಯಾಪ್‌ಟಾಪ್ ಸರಿಹೋಯ್ತು

ಚಾರ್ಜರ್ ಹಚ್ಚಿದ ಕೂಡಲೇ ನನ್ನ ಐ5 ಲ್ಯಾಪ್‌ಟಾಪಿನ ಪ್ರೊಸೆಸರ್ ವೇಗ 0.39 ಗಿಗಾಹರ್ಟ್ಸ್‌ಗೆ ಇಳಿದು ಅಲ್ಲೇ ಕೂಡ್ತದ, ಯಾಕ ಅಂತ ಹಿಂದ ಇಲ್ಲಿ ನಿಮ್ಮನ್ನ ಕೇಳಿದ್ದೆ. ಕಾರಣ ಸಿಕ್ತು ರೀ.

ಕಲಬುರಗಿ ಅಂದ್ರ ಎಲ್ಲಾರೂ ಮೊದ್ಲು ಹೀಟೇ ಅಂತಾರ. ಆದ್ರ ಟೆಂಪರೇಚರ್ 52 ಡಿಗ್ರಿ ದಾಟಿರ್ಲಿಲ್ಲ. ಧೂಳು ತೆಗೆದು ಪ್ರೊಸೆಸರ್ ತಂಪಿಡೋ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದ್ರೂ ಫರಕ್ ಬೀಳಲಿಲ್ಲ.

ನಿಮ್ಮಲ್ಲೊಬ್ಬರು ಹೇಳಿದಂಗ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲೆ ನೋಡಿದೆ, ತಕ್ಷಣ 3.1ಕ್ಕೆ ಏರ್ತು! ಚಾರ್ಜರ್ ಪಿನ್ನಿನ ಒಳಗ ನಡುವ ಸೂಜಿಯಂಥ ಕಡ್ಡಿ ಇರ್ತದಲ್ಲ, ಅದು ಡೊಂಕಾಗಿತ್ತು. ಚಾರ್ಜರ್ ಎಷ್ಟು ವ್ಯಾಟಿಂದು ಅಂತ ನನ್ನ ಲ್ಯಾಪ್‌ಟಾಪಿಗೆ ತಿಳಿಯೋದೇ ಅದರಿಂದ. ಗುರುತು ಸಿಗದಿದ್ರ ಮದರ್‌ಬೋರ್ಡ್ 'ಬಿಡಿ ಪ್ರೊಕ್‌ಹಾಟ್' (BD PROCHOT) ಅನ್ನೋ, ವೇಗ ಇಳಿಸು ಅಂತ ಹೇಳೋ ಸಿಗ್ನಲ್ ಕೊಟ್ಟು ಪ್ರೊಸೆಸರ್ ವೇಗ ಕಟ್ಟಿಹಾಕ್ತದ.

ಪ್ರೊಸೆಸರ್ ವೇಗದ ಸೆಟ್ಟಿಂಗ್ ಬದಲಿಸೋ ಥ್ರಾಟಲ್‌ಸ್ಟಾಪ್ ಸಾಫ್ಟ್‌ವೇರ್‌ನಾಗ ಈ ಸಿಗ್ನಲ್ಲಿನ ಟಿಕ್ ತೆಗೆದ್ರೂ ವೇಗ ಬರ್ತದ, ನೋಡಿದೆ. ಆದ್ರ ಬೇರೆ ಭಾಗ ಖರೇನೇ ಕಾದಾಗ ಬರೋ ಎಚ್ಚರಿಕೆನೂ ಪ್ರೊಸೆಸರ್‌ಗೆ ಮುಟ್ಟಂಗಿಲ್ಲ. ನಮ್ಮೂರ ಮೇ ತಿಂಗಳಾಗ ಅದು ಬ್ಯಾಡ. ಅದಕ್ಕ ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನಾಗ 65 ವ್ಯಾಟಿನ ಒರಿಜಿನಲ್ ಚಾರ್ಜರ್ ತಗೊಂಡೆ. ಮೊದ್ಲು ಬಯೋಸ್‌ನಾಗ (ಲ್ಯಾಪ್‌ಟಾಪ್ ಶುರುವಾಗೋವಾಗ ತೆಗೆಯೋ ಸೆಟ್ಟಿಂಗ್ ಪುಟ) ಅಡಾಪ್ಟರ್ ಅಂದ್ರ ಚಾರ್ಜರ್ ಮುಂದ ಅನ್‌ನೋನ್ ಅಂತಿತ್ತು, ಈಗ 65 ವ್ಯಾಟ್ ಅಂತ ಬರ್ತದ. ನಿನ್ನೆ ತಂಗಿ ಚಾರ್ಜರ್ ಹಚ್ಚೇ ಆನ್‌ಲೈನ್ ಪರೀಕ್ಷೆ ಬರೆದಳು, ಒಮ್ಮೆನೂ ನಿಲ್ಲಲಿಲ್ಲ. ಬ್ಯಾಟರಿ ಮ್ಯಾಲೆ ನೋಡ್ರಿ ಅಂದವರಿಗೆ ಭಾಳ ಥ್ಯಾಂಕ್ಸ್.