ಪದಚರ್ಚೆ: ‘ಕಾರ್ಮಿಕರ ಸ್ವಾಡಳಿತ’, ‘ಜಿಯೋನಿಸಂ ವಿರೋಧ’ – ಅಧ್ಯಾಯಗಳ ತಲೆಬರಹಕ್ಕೆ ತುರ್ತಾಗಿ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರಭುತ್ವದ ಹಂಗಿಲ್ಲದೆ ದುಡಿಯುವವರೇ ಒಟ್ಟಾಗಿ ಎಲ್ಲವನ್ನೂ ನಡೆಸಬೇಕೆನ್ನುವ ಲಿಬರ್ಟೇರಿಯನ್ ಕಮ್ಯುನಿಸ್ಟರ ನಿಲುವುಗಳನ್ನು ಪರಿಚಯಿಸುವ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಳಪುಟಗಳು ಮುಗಿದಿವೆ. ಮುಖಪುಟ ಮತ್ತು ಮೂರು ಅಧ್ಯಾಯಗಳ ತಲೆಬರಹಗಳು ಮಾತ್ರ ಉಳಿದಿದ್ದು, ಅವು ನಾಳೆ ಸಂಜೆಯೊಳಗೆ ಮುದ್ರಕರ ಕೈಸೇರಬೇಕು. ‘ವರ್ಕರ್ಸ್ ಸೆಲ್ಫ್-ಮ್ಯಾನೇಜ್‌ಮೆಂಟ್’ ಎಂಬುದಕ್ಕೆ ‘ಕಾರ್ಮಿಕರ ಸ್ವಾಡಳಿತ’ ಎಂದೂ, ‘ಆಕ್ಟಿವಿಸಂ’ಗೆ ‘ಹೋರಾಟ’ ಎಂದೂ, ‘ಆಂಟಿ-ಜಿಯೋನಿಸಂ’ಗೆ, ಎಂದರೆ ಪ್ಯಾಲೆಸ್ಟೀನಿನಲ್ಲಿ ಯೆಹೂದ್ಯರ ರಾಷ್ಟ್ರ ಕಟ್ಟುವ ಚಳವಳಿಯನ್ನು ಎದುರಿಸುವ ನಿಲುವಿಗೆ, ‘ಜಿಯೋನಿಸಂ ವಿರೋಧ’ ಎಂದೂ ಸದ್ಯಕ್ಕೆ ಬರೆದುಕೊಂಡಿದ್ದೇನೆ. ಹೊತ್ತಗೆಯ ಹೆಸರಿನಲ್ಲಿರುವ ‘ಲಿಬರ್ಟೇರಿಯನ್ ಕಮ್ಯುನಿಸಂ’ಗೆ ಏನೂ ಹೊಳೆದಿಲ್ಲ. ‘ಸ್ವಾತಂತ್ರ್ಯವಾದಿ’ ಎಂದರೆ ಓದುಗರು ಮುಕ್ತ ಮಾರುಕಟ್ಟೆಯ ಪ್ರತಿಪಾದಕರೆಂದು ತಿಳಿಯುತ್ತಾರೆ. ‘ಸ್ವೇಚ್ಛಾವಾದಿ’ ಎಂದರೆ ನಡತೆಗೆಟ್ಟವರೆಂದು ತಿಳಿಯುತ್ತಾರೆ. ದಯವಿಟ್ಟು ಇಂದೇ ತಿಳಿಸಿ.

– ಶಾ.

⁂

ಶಾ. ಅವರಿಗೆ,

‘ಸ್ವಾಡಳಿತ’ ಅರಿಸಮಾಸ. ಬಳಸಬೇಡಿ.

‘ಸ್ವ’ ಸಂಸ್ಕೃತ, ‘ಆಡಳಿತ’ ಕನ್ನಡ. ಸಮಾಸ ಮಾಡಿದ್ದು ಸಾಲದೆಂಬಂತೆ ಸವರ್ಣದೀರ್ಘ ಸಂಧಿಯನ್ನೂ ಮಾಡಲಾಗಿದೆ. ಸಕ್ಕದವನ್ನೂ ಕನ್ನಡವನ್ನೂ ಹೀಗೆ ಬೆರೆಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಕವಿರಾಜಮಾರ್ಗವೇ ಹೇಳಿದೆ. ಕೇಶಿರಾಜನು ಬಿರುದುಗಳಿಗೆ ವಿನಾಯಿತಿ ಕೊಟ್ಟಿದ್ದಾನೆ, ನಿಜ. ಆದರೆ ನೀವು ಕಾರ್ಖಾನೆಗೆ ಬಿರುದು ಕೊಡುತ್ತಿಲ್ಲವಲ್ಲ. ‘ಸ್ವನಿರ್ವಹಣೆ’ ಎಂದು ಬರೆಯಿರಿ.

– ಕೆ.ವಿ.

⁂

ಗೆಳೆಯರೇ,

ಅರಿಸಮಾಸದ ಭಯವನ್ನು ಮುಂದೊಡ್ಡಿ ಇಡೀ ಪದವನ್ನೇ ಸಂಸ್ಕೃತಕ್ಕೆ ಒಪ್ಪಿಸುವುದು ಕೆ.ವಿ. ಅವರ ಹಳೆಯ ವರಸೆ. ಆ ನಿಯಮದಿಂದ ‘ಸ್ವ’ವನ್ನು ಕೈಬಿಡಬೇಕೆಂಬ ತೀರ್ಮಾನಕ್ಕೂ ಬರಬಹುದಾಗಿತ್ತು, ಅವರು ಮಾತ್ರ ಪ್ರತಿ ಸಲವೂ ಕನ್ನಡದ ತುಂಡನ್ನೇ ಕತ್ತರಿಸುತ್ತಾರೆ.

ಈ ವಿಷಯಕ್ಕೆಂದೇ ಹುಟ್ಟಿದಂತಿರುವ ಧಾತುವೊಂದು ನಮ್ಮಲ್ಲಿದೆ. ‘ಆಳ್’ ಎಂಬುದು ಕ್ರಿಯೆಯಾದಾಗ ಒಡೆತನ ನಡೆಸುವುದು, ನಾಮಪದವಾದಾಗ ಇನ್ನೊಬ್ಬರ ಕೈಕೆಳಗೆ ದುಡಿಯುವವನು. ಆಳುವವನನ್ನೂ ಆಳನ್ನೂ ಒಂದೇ ದನಿಯಲ್ಲಿ ಕರೆಯುವ ನುಡಿಗೆ, ಆಳುಗಳೇ ಆಳುವ ಏರ್ಪಾಟನ್ನು ಹೆಸರಿಸಲು ಎರವಲಿನ ಹಂಗೇಕೆ? ‘ಆಳಾಗಬಲ್ಲವನು ಅರಸನಾಗಬಲ್ಲ’ ಎಂಬ ಗಾದೆಯಲ್ಲಿ ಈ ವಿಚಾರದ ಅರ್ಧ ಭಾಗ ಆಗಲೇ ಇದೆ. ‘ದುಡಿಮೆಗಾರರ ತನ್ನಾಳ್ವಿಕೆ’ ಎಂದು ಹಾಕಿ. ‘ಆಳಾಳ್ವಿಕೆ’ ಎಂಬುದು ಇನ್ನೂ ಚೊಕ್ಕ. ಆದರೆ ಅದಕ್ಕೆ ಬೇಕಾದ ಎದೆಗಾರಿಕೆ ಮುದ್ರಕರಿಗಿರಲಾರದು.

– ಗಿ.

⁂

‘ದುಡಿಮೆಗಾರರ’ ಬಹುವಚನ, ‘ತನ್ನ’ ಏಕವಚನ. ಅಚ್ಚಗನ್ನಡದಲ್ಲಿಯೂ ವಚನಭೇದ ಇದೆಯೆಂದು ಕೇಳಿದ್ದೇನೆ.

– ಕೆ.ವಿ.

⁂

ಶಾ. ಅವರಿಗೂ ಉಳಿದವರಿಗೂ ನಮಸ್ಕಾರ.

ಕೆ.ವಿ. ಅವರು ಚುಚ್ಚುವುದಕ್ಕೆಂದು ಹೇಳಿದ ಮಾತಿನಲ್ಲಿ ಈ ಚರ್ಚೆಯ ಮುಖ್ಯ ಸಂಗತಿಯೇ ಇದೆ. ಇಲ್ಲಿ ನಿರ್ವಹಿಸುವವರು ಒಟ್ಟಾಗಿ ಸೇರಿದ ‘ತಾವು’; ಬಿಡಿಯಾದ ‘ತಾನು’ ಅಲ್ಲ. ಒಬ್ಬೊಬ್ಬ ನೌಕರನೂ ತನ್ನ ಹೊತ್ತನ್ನೂ ಗುರಿಯನ್ನೂ ತಾನೇ ನೋಡಿಕೊಳ್ಳಲಿ ಎಂದು ಕಂಪನಿಗಳು ತರಬೇತಿ ಕೊಡುವಾಗಲೂ ‘ಸೆಲ್ಫ್-ಮ್ಯಾನೇಜ್‌ಮೆಂಟ್’ ಎಂದೇ ಹೇಳುತ್ತವೆ. ಆ ಗೊಂದಲ ಕನ್ನಡದಲ್ಲಿ ಬರಬಾರದೆಂದಾದರೆ ಬಹುವಚನವನ್ನು ಬಿಟ್ಟುಕೊಡುವಂತಿಲ್ಲ. ‘ಕಾರ್ಮಿಕ’ ಎಂದು ಮೊಟಕುಗೊಳಿಸದೆ ‘ಕಾರ್ಮಿಕರ’ ಎಂದೇ ಉಳಿಸಿ.

ಗಿ. ಅವರ ‘ಆಳ್ವಿಕೆ’ ಕಿವಿಗೆ ಇಂಪಾಗಿದ್ದರೂ ಅರ್ಥಕ್ಕೆ ವಿರುದ್ಧವಾಗಿದೆ. ಆಳು ಅರಸನಾಗಬೇಕೆಂಬುದು ಈ ಜನರ ಬೇಡಿಕೆಯಲ್ಲ. ಆಳು, ಅರಸ ಎಂಬ ಸಂಬಂಧವೇ ಕೆಲಸದ ಜಾಗದಿಂದ ಇಲ್ಲವಾಗಬೇಕೆಂಬುದು ಅವರ ಬೇಡಿಕೆ. ಈ ಪದ ಬಂದ ದಾರಿಯೂ ಅದನ್ನೇ ಹೇಳುತ್ತದೆ. ಯುಗೊಸ್ಲಾವಿಯಾದಲ್ಲಿ 1950ರ ಜೂನ್‌ನಲ್ಲಿ ಉದ್ಯಮಗಳ ನಿರ್ವಹಣೆಯನ್ನು ದುಡಿಯುವವರ ಸಮೂಹಕ್ಕೆ ವಹಿಸುವ ಕಾನೂನು ಬಂದಿತು. ಅಲ್ಲಿಯ ಭಾಷೆಯಲ್ಲಿ ‘ಸಮೊ’ ಎಂದರೆ ತಾನೇ, ‘ಉಪ್ರಾವ್ಲ್ಯಾನ್ಯೆ’ ಎಂದರೆ ನಡೆಸುವುದು. ಫ್ರೆಂಚರು ಆ ಜೋಡುಪದವನ್ನು ‘ಒತೊಜೆಸ್ತ್ಯೋಂ’ ಎಂದು ಮಾಡಿಕೊಂಡರು; 1963ರ ಮಾರ್ಚ್‌ನಲ್ಲಿ, ಫ್ರೆಂಚ್ ವಲಸಿಗರು ಬಿಟ್ಟುಹೋದ ಜಮೀನುಗಳನ್ನೂ ಕಾರ್ಖಾನೆಗಳನ್ನೂ ಕುರಿತು ಅಲ್ಜೀರಿಯಾ ಹೊರಡಿಸಿದ ಆಜ್ಞೆಗಳಲ್ಲಿ ಅದೇ ಪದ ಬಂದಿತು; 1973ರಲ್ಲಿ ಬೆಸಾನ್ಸೋಂ ನಗರದ ಲಿಪ್ ಗಡಿಯಾರ ಕಾರ್ಖಾನೆಯ ಕಾರ್ಮಿಕರು ತಾವೇ ತಯಾರಿಸಿ, ತಾವೇ ಮಾರಿ, ತಾವೇ ಸಂಬಳ ಹಂಚಿಕೊಂಡಾಗ ಅದು ಫ್ರಾನ್ಸಿನಲ್ಲಿ ಮನೆಮಾತಾಯಿತು. ಈ ದಾರಿಯಲ್ಲಿ ಎಲ್ಲಿಯೂ ರಾಜ್ಯಭಾರದ ಅರ್ಥ ಮುಂದೆ ಬಂದಿಲ್ಲ.

ಆದರೆ ಹೆಸರು ಇದ್ದಲ್ಲೆಲ್ಲ ವಸ್ತುವೂ ಇತ್ತೆಂದು ಭಾವಿಸಬೇಕಾಗಿಲ್ಲ. ಯುಗೊಸ್ಲಾವಿಯಾದ ಕಾರ್ಮಿಕ ಮಂಡಳಿಗಳ ಮೇಲೆ ಒಂದೇ ಪಕ್ಷದ ಪ್ರಭುತ್ವ ಕುಳಿತಿತ್ತು, ಉದ್ಯಮಗಳು ಮಾರುಕಟ್ಟೆಯಲ್ಲಿ ಒಂದಕ್ಕೊಂದು ಪೈಪೋಟಿ ನಡೆಸುತ್ತಿದ್ದವು. ಹಾಗಾಗಿ ಮೇಲಿನ ಅಧಿಕಾರವೂ ಪಕ್ಕದ ಪೈಪೋಟಿಯೂ ಉಳಿದುಕೊಂಡರೆ ಕಾರ್ಮಿಕರು ತಮ್ಮನ್ನು ತಾವೇ ಹಿಂಡಿಕೊಳ್ಳಬೇಕಾಗುತ್ತದೆ ಎಂಬುದು ಲಿಬರ್ಟೇರಿಯನ್ ಕಮ್ಯುನಿಸ್ಟರ ಆಕ್ಷೇಪ. ಅವರು ಮಾದರಿಯಾಗಿ ಹೇಳುವುದು 1936ರ ಸ್ಪೇನನ್ನು. ಆ ವರ್ಷದ ಮೇ ತಿಂಗಳಲ್ಲಿ ಸಾರಗೋಸದಲ್ಲಿ ಸೇರಿದ ಸಿಎನ್‌ಟಿ ಕಾರ್ಮಿಕ ಒಕ್ಕೂಟದ ಸಮ್ಮೇಳನವು ‘ಕೊಮುನಿಸ್ಮೊ ಲಿಬೆರ್ತಾರಿಯೊ’ ಎಂಬ ಹೆಸರಿನಲ್ಲಿಯೇ ನಿರ್ಣಯ ಅಂಗೀಕರಿಸಿತು. ಜುಲೈನಲ್ಲಿ ಸೇನಾದಂಗೆ ಎದ್ದಾಗ ಬಾರ್ಸಿಲೋನಾದ ಟ್ರಾಮ್‌ಗಳನ್ನು ಕಾರ್ಮಿಕರೇ ವಹಿಸಿಕೊಂಡು ಓಡಿಸತೊಡಗಿದರು. ನೂರಕ್ಕಿಂತ ಹೆಚ್ಚು ಜನ ದುಡಿಯುವ ಉದ್ಯಮಗಳನ್ನು ಸಾಮೂಹಿಕಗೊಳಿಸುವ ಕ್ಯಾಟಲೋನಿಯಾ ಸರ್ಕಾರದ ಆಜ್ಞೆ ಹೊರಬಿದ್ದದ್ದು ಅಕ್ಟೋಬರ್ 24ರಂದು. ಕೆಲಸ ಮೊದಲು ನಡೆದು ಕಾನೂನು ಆಮೇಲೆ ಬಂದ ಈ ಪ್ರಸಂಗವನ್ನು ‘ಆಡಳಿತ’ ಎಂದು ಕರೆದರೆ, ಆಮೇಲೆ ಬಂದದ್ದಕ್ಕೇ ಹೆಸರಿಟ್ಟಂತಾಗುತ್ತದೆ.

ಇನ್ನೊಂದು ಎಚ್ಚರಿಕೆ. ‘ಆಡಳಿತದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆ’ ಎಂಬ ಮಾತು ಕನ್ನಡದಲ್ಲಿ ಆಗಲೇ ರೂಢಿಯಲ್ಲಿದೆ. ಜರ್ಮನಿಯಲ್ಲಿ 1976ರ ಕಾನೂನಿನಂತೆ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕ ಪ್ರತಿನಿಧಿಗಳಿಗೆ ಅರ್ಧದಷ್ಟು ಸ್ಥಾನ ಕೊಡುವಂಥ ವ್ಯವಸ್ಥೆ ಅದರಲ್ಲಿ ಸೇರುತ್ತದೆ. ಮಾಲೀಕ ಅಲ್ಲಿಯೇ ಇರುತ್ತಾನೆ. ‘ಸ್ವಾಡಳಿತ’ ಎಂದರೆ ಓದುಗರು ಅದನ್ನೇ ನೆನೆಯುವ ಸಾಧ್ಯತೆಯಿದೆ. ‘ನಿರ್ವಹಣೆ’ಯೂ ಮ್ಯಾನೇಜರರ ಮಾತೇ ಎಂದು ಯಾರಾದರೂ ಹೇಳಬಹುದು, ಆದರೂ ‘ಹೊಣೆ ನಿರ್ವಹಿಸು’ ಎಂಬಲ್ಲಿ ಅದಕ್ಕೆ ಹೊತ್ತು ನಡೆಸುವ ಅರ್ಥ ಇನ್ನೂ ಇದೆ. ಹಾಗಾಗಿ ಕಾರಣ ಬೇರೆಯಾದರೂ ಕೆ.ವಿ. ಅವರ ಪದವೇ ನನಗೂ ಒಪ್ಪಿಗೆ.

– ನಾ.ರಾ.

⁂

ಪದ ಒಪ್ಪಿದಿರಿ, ಸಾಕು. ಕಾರಣ ವ್ಯಾಕರಣದ್ದೇ.

– ಕೆ.ವಿ.

⁂

ಆಳು ಅರಸನಾಗುವುದಿಲ್ಲವಂತೆ; ಆದರೆ ಕನ್ನಡದ ಮೇಲೆ ಸಂಸ್ಕೃತ ಮಾತ್ರ ಅರಸಾಗಿಯೇ ಇರಬೇಕಂತೆ. ಪ್ರಭುತ್ವವನ್ನು ಒಪ್ಪದವರ ಹೊತ್ತಗೆಗೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಸಿಗಲಾರದು. ‘ತಮ್ಮಾಳ್ವಿಕೆ’ ಎಂದು ತಿದ್ದಿಕೊಂಡಿದ್ದೇನೆ, ದಾಖಲೆಗಿರಲಿ.

– ಗಿ.

⁂

ಎಲ್ಲರಿಗೂ ಧನ್ಯವಾದಗಳು. ಮೊದಲನೆಯದನ್ನು ‘ಕಾರ್ಮಿಕರ ಸ್ವನಿರ್ವಹಣೆ’ ಎಂದು ಗುರುತಿಸಿಕೊಂಡಿದ್ದೇನೆ. ಹೊತ್ತಗೆಯ ಹೆಸರು ಇನ್ನೂ ಬಾಕಿ. ‘ಪ್ರಭುತ್ವರಹಿತ ಕಮ್ಯುನಿಸಂ’ ಆದೀತೇ?

– ಶಾ.

⁂

ಆಗದು. ಮಾರ್ಕ್ಸ್‌ವಾದಿಗಳೆಲ್ಲರೂ ಕಡೆಯಲ್ಲಿ ಪ್ರಭುತ್ವ ಇರುವುದಿಲ್ಲವೆಂದೇ ಹೇಳುತ್ತಾರೆ. ‘ರಹಿತ’ ಎಂದರೆ ಲೆನಿನ್‌ವಾದಿಯೂ ತನ್ನದೇ ಹೆಸರೆಂದುಕೊಳ್ಳಬಹುದು. ಅಲ್ಲಿಗೆ ಹೋಗುವ ದಾರಿಯಲ್ಲಿ ಪ್ರಭುತ್ವವನ್ನು ಹತ್ತಬೇಕೇ ಬೇಡವೇ ಎಂಬುದರಲ್ಲಿ ವ್ಯತ್ಯಾಸ ಇರುವುದರಿಂದ ‘ಪ್ರಭುತ್ವವಿರೋಧಿ ಕಮ್ಯುನಿಸಂ’ ಎನ್ನುವುದು ಸರಿ. ‘ಅರಾಜಕತಾವಾದ’ವು ಹತ್ತಿರದ ಪದವೇ ಆಗಿದ್ದರೂ ಪತ್ರಿಕೆಗಳು ಗಲಭೆಗೆಲ್ಲ ಅರಾಜಕತೆ ಎಂದು ಬರೆದು ಅದನ್ನು ಕೆಡಿಸಿವೆ. ‘ನಿರಂಕುಶ’ದ ಪಾಡು ಇನ್ನೂ ವಿಚಿತ್ರ: ಕುವೆಂಪು ಅವರು ನಿರಂಕುಶಮತಿಗಳಾಗಿ ಎಂದು ಯುವಜನರಿಗೆ ಕರೆಕೊಟ್ಟ ಭಾಷೆಯಲ್ಲಿಯೇ ನಿರಂಕುಶ ಪ್ರಭುತ್ವ ಎಂದರೆ ಸರ್ವಾಧಿಕಾರ.

ಒಳಪುಟದಲ್ಲಿ ‘ಲಿಬರ್ಟೇರಿಯನ್’ ಎಂಬುದನ್ನು ಹಾಗೆಯೇ ಒಮ್ಮೆ ಕೊಟ್ಟು ವಿವರಿಸಿ. 1857ರಲ್ಲಿ ಜೋಸೆಫ್ ದೆಜಾಕ್ ಎಂಬ ಫ್ರೆಂಚ್ ಕಾರ್ಮಿಕ, ಹೆಣ್ಣುಮಕ್ಕಳ ಸಮಾನತೆಯನ್ನು ಒಪ್ಪದ ಅರಾಜಕತಾವಾದಿ ಚಿಂತಕ ಪ್ರೂಧೋನನನ್ನು ಖಂಡಿಸಿ ಬರೆದ ಪತ್ರದಲ್ಲಿ ‘ಲಿಬೆರ್ತೇರ್’ ಎಂಬ ಪದವನ್ನು ಈ ರಾಜಕೀಯ ಅರ್ಥದಲ್ಲಿ ಬಳಸಿದ. ಅಮೆರಿಕದಲ್ಲಿ ಆ ಹೆಸರಿನ ಪಕ್ಷ ಹುಟ್ಟಿದ್ದು 1971ರಲ್ಲಿ. ಮಾರುಕಟ್ಟೆಯವರು ಎತ್ತಿಕೊಂಡುಹೋದ ಪದವನ್ನು ಹುಟ್ಟಿಸಿದವರಿಗೆ ಒಂದು ಅಡಿಟಿಪ್ಪಣಿಯಾದರೂ ಸಲ್ಲಬೇಕು.

‘ಆಕ್ಟಿವಿಸಂ’ ಬಗ್ಗೆ ಒಂದೇ ಮಾತು. ನಿಮ್ಮ ಮೂಲದವರು ಅದನ್ನು ಟೀಕಿಸಿ ಬರೆದಿದ್ದರೆ, ಎಂದರೆ ಬದಲಾವಣೆಯನ್ನೇ ವೃತ್ತಿಯಾಗಿಸಿಕೊಂಡ ಪರಿಣತರ ಗುಂಪು ದುಡಿಯುವವರಿಂದ ಬೇರೆಯಾಗಿ ನಿಲ್ಲುವುದನ್ನು ಆಕ್ಷೇಪಿಸಿದ್ದರೆ, ‘ಹೋರಾಟ’ ಎಂದು ಬರೆದಾಗ ಅವರು ಹೋರಾಟವನ್ನೇ ಬೇಡವೆಂದಂತಾಗುತ್ತದೆ. ಅಲ್ಲಿ ‘ಹೋರಾಟಗಾರಿಕೆ’ ಎಂದು ಹಾಕಿ. ಹೆಸರಿನ ಕೆಳಗೆ ಹುದ್ದೆಯಂತೆ ‘ಹೋರಾಟಗಾರರು’ ಎಂದು ಅಚ್ಚುಹಾಕಿಸುವವರನ್ನು ಕಂಡವರಿಗೆ ತಕ್ಷಣ ಅರ್ಥವಾಗುತ್ತದೆ.

– ನಾ.ರಾ.

⁂

ಮಾನ್ಯರೇ,

ಮೂರನೆಯ ತಲೆಬರಹದ ಕುರಿತು ಯಾರೂ ಮಾತನಾಡಿಲ್ಲ. ‘ಜಿಯೋನಿಸಂ’ ಎಂದು ಇಂಗ್ಲಿಷಿನ ಬಾಯಿಂದ ಕೇಳಿ ಬರೆಯುವ ಅಗತ್ಯವೇ ಇಲ್ಲ. ಆ ಪದಕ್ಕೆ ಮೂಲವಾದ ಜೆರುಸಲೇಮಿನ ಬೆಟ್ಟದ ಹೆಸರು ಕನ್ನಡ ಬೈಬಲ್ಲಿನಲ್ಲಿ ‘ಚೀಯೋನ್’. ಹೀಬ್ರೂ ಮೂಲದ ಮೊದಲ ಅಕ್ಷರವು ‘ತ್ಸ’ ಎಂಬಂತೆ ಉಚ್ಚಾರವಾಗುವುದರಿಂದ ನಮ್ಮ ‘ಚ’ಕಾರವೇ ಅದಕ್ಕೆ ಹತ್ತಿರ, ‘ಜ’ಕಾರಕ್ಕೆ ಯಾವ ಆಧಾರವೂ ಇಲ್ಲ. ಆದ್ದರಿಂದ ‘ಚೀಯೋನ್‌ವಾದ’, ‘ಚೀಯೋನ್‌ವಾದ ವಿರೋಧ’ ಎಂದಾಗಬೇಕು. ಮೊದಲ ಜಿಯೋನಿಸ್ಟ್ ಸಮ್ಮೇಳನ 1897ರಲ್ಲಿ ಸೇರಿದ ಬಾಸೆಲ್ ನಗರದ ಮಿಷನ್ನಿನವರೇ ಮಂಗಳೂರಿನಲ್ಲಿ ಕನ್ನಡವನ್ನು ಅಚ್ಚುಹಾಕಿದವರೆಂಬುದನ್ನು ಇಲ್ಲಿ ನೆನೆಯಬಹುದು.

– ಪಾ.

⁂

ನೆನೆದೆವು. ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

– ಕೆ.ವಿ.

⁂

ಪಾ. ಅವರ ಉಚ್ಚಾರಣೆಯ ಮಾತು ಸರಿ, ಸಲಹೆ ಅಪಾಯಕಾರಿ. ‘ಚೀಯೋನ್’ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಪ್ರಾರ್ಥನೆಯ ಬೆಟ್ಟ. ‘ಜಿಯೋನಿಸಂ’ ಎಂಬುದಾದರೋ 1890ರಲ್ಲಿ ನಾಥನ್ ಬಿರ್ನ್‌ಬಾಮ್ ರೂಪಿಸಿದ, ರಾಷ್ಟ್ರವೊಂದನ್ನು ಕಟ್ಟುವ ರಾಜಕೀಯ ಕಾರ್ಯಕ್ರಮದ ಹೆಸರು. ಧರ್ಮದ ಹೆಸರಿಗೆ ‘ವಿರೋಧ’ವನ್ನು ಅಂಟಿಸಿದರೆ, ಈ ಅಧ್ಯಾಯ ಯಾವ ಗೆರೆಯನ್ನು ಎಳೆಯಲು ಹೊರಟಿದೆಯೋ ಅದನ್ನು ತಲೆಬರಹದಲ್ಲಿಯೇ ಅಳಿಸಿದಂತಾಗುತ್ತದೆ. ಯೆಹೂದ್ಯರ ಮೇಲಿನ ದ್ವೇಷ ಬೇರೆ, ಜಿಯೋನಿಸಮ್ಮಿನ ವಿರೋಧ ಬೇರೆ. ಜಿಯೋನಿಸಂ ಸಂಘಟಿತವಾದ ಅದೇ 1897ರಲ್ಲಿ ವಿಲ್ನಾದಲ್ಲಿ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ಯೆಹೂದಿ ಕಾರ್ಮಿಕರ ಸಂಘಟನೆ ‘ಬುಂಡ್’ ಹುಟ್ಟಿತು. ನಾವಿರುವ ನೆಲದಲ್ಲಿಯೇ ಉಳಿದು ಇತರ ಕಾರ್ಮಿಕರೊಡನೆ ಹೋರಾಡಬೇಕೆಂಬ ನಿಲುವಿನಿಂದ ಅದು ಜಿಯೋನಿಸಮ್ಮನ್ನು ಎದುರಿಸಿತು. ಇಸ್ರೇಲಿನೊಳಗೆ 1962ರಲ್ಲಿ ಹುಟ್ಟಿದ ‘ಮಾತ್ಸ್ಪೆನ್’ ಗುಂಪಿನದೂ ಅದೇ ವಿರೋಧ. ಅವರಾರೂ ಲಿಬರ್ಟೇರಿಯನ್ ಕಮ್ಯುನಿಸ್ಟರ ಬಣದವರೆಂದು ನಾನು ಹೇಳುತ್ತಿಲ್ಲ. ಈ ವಿರೋಧಕ್ಕೆ ಯೆಹೂದಿ ಕಾರ್ಮಿಕರ ಒಳಗಿನದೇ ಪರಂಪರೆ ಇದೆಯೆಂದು ಹೇಳುತ್ತಿದ್ದೇನೆ.

ನಿಮ್ಮ ಮೊದಲ ಮತ್ತು ಮೂರನೆಯ ಅಧ್ಯಾಯಗಳಿಗೆ ಸಂಬಂಧವಿದೆ, ಬಹುಶಃ ಮೂಲದಲ್ಲಿಯೂ ಹೇಳಿರಬಹುದು. 1910ರಲ್ಲಿ ಪ್ಯಾಲೆಸ್ಟೀನಿನ ದೆಗಾನ್ಯಾದಲ್ಲಿ ಆರಂಭವಾದ ಕಿಬ್ಬುತ್ಸ್‌ಗಳಲ್ಲಿ, ಎಂದರೆ ಯೆಹೂದಿ ವಲಸಿಗರು ಒಟ್ಟಾಗಿ ದುಡಿದು ಬಾಳುವ ನೆಲೆಗಳಲ್ಲಿ, ಆಸ್ತಿ ಎಲ್ಲರದಾಗಿತ್ತು, ತೀರ್ಮಾನ ಸಭೆಯದಾಗಿತ್ತು, ಮಾಲೀಕನಿರಲಿಲ್ಲ. ಸ್ವನಿರ್ವಹಣೆಯ ಲಕ್ಷಣಗಳೆಲ್ಲವೂ ಅಲ್ಲಿ ಕಾಣುತ್ತಿದ್ದವು. ಆದರೆ ಅವುಗಳ ಜೊತೆಯಲ್ಲಿಯೇ ‘ಹೀಬ್ರೂ ದುಡಿಮೆ’ ಎಂಬ ಘೋಷಣೆಯಡಿ ಅರಬ್ ಕಾರ್ಮಿಕರನ್ನು ಕೆಲಸದಿಂದ ದೂರವಿಡಲಾಯಿತು. 1920ರಲ್ಲಿ ಹುಟ್ಟಿದ ಕಾರ್ಮಿಕ ಒಕ್ಕೂಟ ‘ಹಿಸ್ತಾದ್ರುತ್’ ದಶಕಗಳ ಕಾಲ ಅರಬ್ಬರಿಗೆ ಪೂರ್ಣ ಸದಸ್ಯತ್ವ ಕೊಡಲಿಲ್ಲ. 1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಾರು ಕಳೆದುಕೊಂಡ ಮೇಲೆ ಅವರ ಜಮೀನುಗಳಲ್ಲಿ ಹಲವು ಕಿಬ್ಬುತ್ಸ್‌ಗಳ ಪಾಲಾದವು. ನೆರೆಯವನನ್ನು ಹೊರಗಿಟ್ಟು ಒಳಗೆ ಸಮಾನತೆ ನಡೆಸುವುದನ್ನು ಸ್ವನಿರ್ವಹಣೆ ಎನ್ನಬಹುದೇ ಎಂಬ ಪ್ರಶ್ನೆಯಿಂದಲೇ ಈ ಕಮ್ಯುನಿಸ್ಟರ ಜಿಯೋನಿಸಂ ವಿರೋಧ ತೊಡಗುತ್ತದೆ. ಯಾವ ರಾಷ್ಟ್ರವಾದವನ್ನೂ ಒಪ್ಪದ ಅವರು ಪ್ಯಾಲೆಸ್ಟೀನಿನ ಜನರ ಪರವಾಗಿ ನಿಂತಾಗಲೂ ಅಲ್ಲಿಯ ಪಕ್ಷಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವುದಿಲ್ಲ.

– ನಾ.ರಾ.

⁂

ಹಾಗಾದರೆ ಬೆಟ್ಟದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದರೆ ರಾಜಕೀಯ, ಕನ್ನಡದಲ್ಲಿ ಹೇಳಿದರೆ ಭಕ್ತಿ! ಇದೇ ನಮ್ಮ ರೋಗ. ‘ಕಮ್ಯುನಿಸಂ’ ಇಂಗ್ಲಿಷ್, ‘ಕಾರ್ಖಾನೆ’ ಪಾರಸಿ, ‘ಸ್ವನಿರ್ವಹಣೆ’ ಸಂಸ್ಕೃತ. ಇಷ್ಟು ಬಾಗಿಲುಗಳನ್ನು ತೆರೆದಿಟ್ಟವರು ಕನ್ನಡದ ಪದ ಬಂದಾಗ ಮಾತ್ರ ಗುರುತಿನ ಚೀಟಿ ಕೇಳುತ್ತಾರೆ. ಅರಿಸಮಾಸದ ಕಾವಲುಗಾರರು ‘ಪ್ರಭುತ್ವವಿರೋಧಿ ಕಮ್ಯುನಿಸಂ’ ಎಂಬುದನ್ನು ನೋಡಿಯೂ ಏಕೆ ಸುಮ್ಮನಿದ್ದಾರೆ?

– ಗಿ.

⁂

ಅಲ್ಲಿ ಸಮಾಸವಿಲ್ಲ, ಬಿಡಿಬಿಡಿಯಾಗಿ ನಿಂತ ವಿಶೇಷಣ, ವಿಶೇಷ್ಯ. ‘ಜಿಯೋನಿಸಂ ವಿರೋಧ’ದಲ್ಲಿ ದೋಷವಿದೆ, ವಿಭಕ್ತಿ ಹಚ್ಚಿ ‘ಜಿಯೋನಿಸಮ್ಮಿನ ವಿರೋಧ’ ಎಂದು ಬರೆದರೆ ತೀರಿತು. ಎರವಲಿನ ಬಗ್ಗೆ ಪ್ರತ್ಯೇಕ ವಿಷಯವಾಗಿ ಬರೆಯಿರಿ, ಅಲ್ಲಿ ಉತ್ತರಿಸದಿರುತ್ತೇನೆ.

– ಕೆ.ವಿ.

⁂

ಎಲ್ಲರಿಗೂ ಕೃತಜ್ಞತೆಗಳು. ಮುಖಪುಟದಲ್ಲಿ ‘ಪ್ರಭುತ್ವವಿರೋಧಿ ಕಮ್ಯುನಿಸಂ’, ಒಳಗೆ ‘ಕಾರ್ಮಿಕರ ಸ್ವನಿರ್ವಹಣೆ’, ‘ಹೋರಾಟಗಾರಿಕೆ’ (ಮೂಲದಲ್ಲಿರುವುದು ಟೀಕೆಯೇ), ‘ಜಿಯೋನಿಸಮ್ಮಿನ ವಿರೋಧ’ ಎಂದು ಕಳುಹಿಸುತ್ತಿದ್ದೇನೆ. ಕಿಬ್ಬುತ್ಸ್ ಕುರಿತ ಮಾತು ಮೂಲದಲ್ಲಿ ಒಂದೇ ಸಾಲಿನಲ್ಲಿ ಬಂದಿದೆ, ನಾ.ರಾ. ಅವರು ಒಪ್ಪಿದರೆ ಅವರ ವಿವರಣೆಯನ್ನು ಅನುವಾದಕರ ಟಿಪ್ಪಣಿಯಾಗಿ ಸೇರಿಸುತ್ತೇನೆ.

– ಶಾ.

⁂

ಒಪ್ಪಿಗೆ ಇದೆ. ‘ಕಿಬ್ಬುತ್ಸ್‌ಗಳು’ ಎಂದೇ ಬರೆಯಿರಿ. ‘ಕಿಬ್ಬುತ್ಸಿಮ್‌ಗಳು’ ಎಂದರೆ ಬಹುವಚನದ ಮೇಲೆ ಬಹುವಚನವಾಗುತ್ತದೆ.

– ನಾ.ರಾ.